ಕೋವಿ ಆಚೆ ಇಟ್ಟು ಬನ್ನಿ, ಸಾ

ಕೌದಳ್ಳಿ

ಅಮೆರಿಕಕ್ಕೆ ಹೋಗಿಬಂದವರು ಎತ್ತರದ ಕಟ್ಟಡಗಳ ಬಗ್ಗೆ, ಅಗಲವಾದ ರಸ್ತೆಗಳ ಬಗ್ಗೆ ಬರೆಯುತ್ತಾರೆ. ನಾನು ಅಲ್ಲಿ ಎರಡೂವರೆ ತಿಂಗಳು ಇದ್ದು ಸರಿಯಾಗಿ ನೋಡಿದ್ದು ಒಂದು ಪೆಟ್ರೋಲ್ ಬಂಕು, ಅದಕ್ಕೆ ಅಂಟಿಕೊಂಡ ಒಂದು ಅಂಗಡಿ ಮತ್ತು ಬಾಣಂತಿ ಕೋಣೆಯ ಮುಚ್ಚಿದ ಬಾಗಿಲು. ಆದರೂ ಬರೆಯುತ್ತಿದ್ದೇನೆ. ಅರವತ್ತಾರನೇ ವಯಸ್ಸಿನಲ್ಲಿ ಎರಡು ವಿಮಾನ ಹತ್ತಿಳಿದು ನಾನು ಕಲಿತುಬಂದದ್ದು ಕೊಳ್ಳೇಗಾಲದ ಒಂದು ಹೋಟೆಲಿನೊಳಕ್ಕೆ ಹೇಗೆ ಕಾಲಿಡಬೇಕು ಅನ್ನುವುದನ್ನು. ಅಷ್ಟು ದೂರ ಹೋಗಿ ಇಷ್ಟು ಚಿಕ್ಕ ಪಾಠ ಕಲಿತವರು ನಮ್ಮ ಹನೂರು ತಾಲ್ಲೂಕಿನಲ್ಲಿ ಇನ್ನೊಬ್ಬರು ಇರಲಾರರು.

ಮೊದಲು ನನ್ನ ಕೋವಿಯ ವಿಷಯ ಹೇಳಬೇಕು. ಕೌದಳ್ಳಿಯಿಂದ ಒಳಕ್ಕೆ, ಕಾಡಿನ ಅಂಚಿಗೆ ನಮ್ಮ ಹೊಲ. ಹಂದಿ, ಆನೆಗಳಿಂದ ಬೆಳೆ ಕಾಯಲೆಂದು ನಮ್ಮಪ್ಪನಿಗೆ ಸಿಕ್ಕಿದ್ದ ಲೈಸನ್ಸು, ಒಂಟಿ ನಳಿಗೆಯ ಕೋವಿ. ಅಪ್ಪ ಹೋದ ಮೇಲೆ ಎರಡೂ ನನ್ನ ಹೆಸರಿಗೆ ಬಂದವು. ನಾವು ಮೊಟ್ಟೆಯನ್ನೂ ಮುಟ್ಟದ ಶಿವಭಕ್ತರ ಮನೆಯವರು. ಹಾಗಾಗಿ ಕೊಲ್ಲುವ ಮಾತಿಲ್ಲ, ಹೆದರಿಸುವುದಷ್ಟೆ. ಹೆದರಿಸಿದ್ದೂ ಅಷ್ಟಕ್ಕಷ್ಟೆ. ನನ್ನ ಜೀವಮಾನದಲ್ಲಿ ಆ ಕೋವಿಯ ಗುಂಡು ತಗುಲಿದ ವಸ್ತು ಒಂದೇ, ನಮ್ಮದೇ ಮನೆ ಮೇಲಿನ ನೀರಿನ ಟ್ಯಾಂಕು. ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ನಾನು ತೋಟಾ ಎಲ್ಲಿಟ್ಟೆ ಎಂದು ತಡಕಾಡುವಷ್ಟರಲ್ಲಿ ನನ್ನ ಹೆಂಡತಿ ಗೌರಮ್ಮ ತಗಡಿನ ಡಬ್ಬ ಬಡಿದು ಓಡಿಸಿ, ಬಂದು ಒಲೆ ಮುಂದೆ ಕೂತಿರುತ್ತಿದ್ದಳು.

ಆದರೆ ಹೆಗಲಿಗೇರಿಸಿದರೆ ಕೋವಿಗೊಂದು ಗತ್ತು. ಲೈಸನ್ಸಿನ ಕೆಲಸಕ್ಕೆ ಕೊಳ್ಳೇಗಾಲಕ್ಕೆ ಹೋಗುವಾಗ ಅದನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು ಹೋಗಬಹುದಿತ್ತು. ನಾನು ಎಂದೂ ಮುಚ್ಚಿದವನಲ್ಲ. ಬಸ್ಸಿನಲ್ಲಿ ಜನ ಎದ್ದು ಸೀಟು ಬಿಡುತ್ತಿದ್ದರು. ಟೀ ಅಂಗಡಿಯಲ್ಲಿ ಬೀಡಿ ಸೇದುತ್ತಿದ್ದವರು ಕೈ ಹಿಂದಕ್ಕೆ ಮಾಡಿಕೊಳ್ಳುತ್ತಿದ್ದರು. ಅವರು ಎದ್ದು ನಿಂತದ್ದು ಕೋವಿಗೆ. ನಾನು ಅದೆಲ್ಲ ಗುರುಮಲ್ಲಪ್ಪನಿಗೆ, ಅಂದರೆ ನನಗೆ, ಸಂದ ಮರ್ಯಾದೆ ಅಂದುಕೊಂಡಿದ್ದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗೆಳೆಯ ಶಿವಣ್ಣನ ಹೋಟೆಲು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕೋವಿ ಹೊತ್ತು ಅಲ್ಲಿಗೆ ಹೋದೆ. ಹೋಟೆಲು ಕಿಕ್ಕಿರಿದಿತ್ತು. ಅಲ್ಲಿ ಬಡಿಸುವ ರತ್ನಮ್ಮ ಸಾರಿನ ಬಕೆಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಸಾ, ಕೋವಿಯ ಆಚೆ ಇಟ್ಟು ಬನ್ನಿ," ಅಂದಳು.

"ಆಚೆ ಇಟ್ರೆ ಯಾವನಾದ್ರೂ ಎತ್ಕಂಡೋಯ್ತನೆ. ನನ್ ಲೈಸನ್ಸೇ ಓಯ್ತದೆ," ಅಂದೆ. ಅದೇನೋ ನಿಜವೇ.

"ಅಂಗಾದ್ರೆ ಆಚೆ ಬೆಂಚಲ್ಲಿ ಕುಂತ್ಕಳಿ ಸಾ. ಊಟವ ಅಲ್ಗೇ ತಂದ್ಕೊಡ್ತೀನಿ."

ಆಚೆ ಕೂತು ತಿನ್ನು ಅನ್ನುವ ಮಾತನ್ನು ನಮ್ಮ ಹಿರಿಯರು ಬೇರೆಯವರಿಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ನನ್ನ ಕಿವಿಗೆ ಅದು ಬಿದ್ದದ್ದು ಅವತ್ತೇ ಮೊದಲು, ಕಿವಿ ಸುಟ್ಟುಹೋಯಿತು. ಅವಳನ್ನು ಬಳಸಿಕೊಂಡು ಒಳಕ್ಕೆ ನುಗ್ಗಿದೆ. ಕೋವಿ ಇಳಿಸಿ, ಜನ ಉಣ್ಣುತ್ತಿದ್ದ ಮೇಜಿನ ಮೇಲೇ ಇಟ್ಟೆ. ಪಕ್ಕದಲ್ಲಿದ್ದವರು ಎಲೆ ಸಮೇತ ಜರುಗಿದರು.

"ಲೈಸನ್ಸ್ ಅದೆ ನಂಗೆ! ಆಚೆ ಕುಂತ್ಕಳಕ್ಕೆ ಕಾರಣ ಏನು? ಎಲ್ರ ಮುಂದ್ಲೂ ಕಾರಣ ಹೇಳ್ಬೇಕು!" ಎಂದು ಮೇಜು ಗುದ್ದಿದೆ.

ಶಿವಣ್ಣ ಗಲ್ಲಾದಿಂದ ಎದ್ದು ಬಂದ. ರತ್ನಮ್ಮನನ್ನು ಬೈಯುತ್ತಾನೆ ಅಂದುಕೊಂಡೆ. ಅವನು ಮೆತ್ತಗೆ, "ಅವ್ಳು ಹೇಳ್ದಂಗೆ ಮಾಡು ಗುರುಮಲ್ಲ. ಇಲ್ಲಿ ಅವ್ಳ್ ಮಾತು ಬ್ಯಾರೆ ಅಲ್ಲ, ನನ್ ಮಾತು ಬ್ಯಾರೆ ಅಲ್ಲ," ಅಂದ. ಕಾರಣ ಮಾತ್ರ ಹೇಳಲಿಲ್ಲ. ಉಣ್ಣುತ್ತಿದ್ದವರ ಕಡೆ ಒಮ್ಮೆ ನೋಡಿ, ಆಮೇಲೆ ನೆಲ ನೋಡಿದ.

ಕೋವಿ ಎತ್ತಿಕೊಂಡು ಉಣ್ಣದೆ ಹೊರಟೆ. ಬಡಿಸುವ ಹೆಂಗಸಿನ ಪರವಾಗಿ ನಿಂತು ಐವತ್ತು ವರ್ಷದ ಗೆಳೆಯನನ್ನು ಕಳಿಸಿಬಿಟ್ಟನಲ್ಲ ಎಂದು ಅವತ್ತಿನಿಂದ ಮಾತು ಬಿಟ್ಟೆ. ಅವನ ಮಗಳ ಮದುವೆಗೂ ಹೋಗಲಿಲ್ಲ. ಗೌರಮ್ಮ ಒಬ್ಬಳೇ ಹೋಗಿ ಉಂಡು ಬಂದಳು, ಊಟ ಬಹಳ ಚೆನ್ನಾಗಿತ್ತು ಎಂದು ಮೂರು ದಿನ ಹೇಳಿದಳು. ಶಿವಣ್ಣ ಆಮೇಲೂ ಎರಡು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ. ಮೂರನೇ ಸಲ ಮಾಡಲಿ, ಎತ್ತೋಣ ಎಂದು ಕಾದೆ. ಅವನು ಮಾಡಲಿಲ್ಲ.

ಹೀಗಿರುವಾಗ ಅಮೆರಿಕದಿಂದ ಕರೆ ಬಂತು. ಕರೆ ನನಗಲ್ಲ, ಗೌರಮ್ಮನಿಗೆ. ಯಳಂದೂರು ಹತ್ತಿರದ ಹೊನ್ನೂರು ಅವಳ ತವರು. ಅವಳ ತಂಗಿಯ ಮಗಳು ಶೋಭಾ ಅರಿಜೋನಾ ಅನ್ನುವ ಸೀಮೆಯಲ್ಲಿ ನರ್ಸು. ಶೋಭಾಳಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು, ಅವಳ ತಾಯಿ ಮಂಡಿ ಆಪರೇಷನ್ ಆಗಿ ಮಲಗಿದ್ದಳು. ಬಾಣಂತನಕ್ಕೆ ದೊಡ್ಡಮ್ಮನೇ ಬರಬೇಕು ಎಂದಾಯಿತು. ದೊಡ್ಡಮ್ಮನ ಲಗೇಜಿನ ಜೊತೆಗೆ ನಾನೂ ಹೊರಟೆ. ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿ, ರಸೀದಿ ಮಡಿಸಿ ಜೇಬಿಗಿಟ್ಟುಕೊಂಡು ಆಚೆ ಬಂದಾಗ ಹೆಗಲು ಬರಿದಾಗಿತ್ತು, ರಸ್ತೆಯಲ್ಲಿ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ.

ಕಸ್ಟಮ್ಸ್ ಬಾಗಿಲು

ಅಮೆರಿಕದ ನೆಲದಲ್ಲಿ ನಾನಾಡಿದ ಮೊದಲ ಮಾತು ನನ್ನನ್ನು ಅಲ್ಲಿಂದಲೇ ವಾಪಸ್ ಕಳಿಸುವಂತಿತ್ತು.

ಕಸ್ಟಮ್ಸ್ ಅಧಿಕಾರಿ ಗಟ್ಟಿಮುಟ್ಟಾದ ಆಳು. ಏನೇನೋ ಕೇಳಿದ. ನನ್ನ ಇಂಗ್ಲಿಷು ಅರ್ಜಿ ಬರೆಯಲು ಸಾಲುವಷ್ಟಿದೆ, ಕಿವಿಗೆ ಬಿದ್ದಾಗ ಮಾತ್ರ ಅರ್ಧ ಸೋರಿಹೋಗುತ್ತದೆ. ಅವನ ಮಾತಿನಲ್ಲಿ ನನ್ನ ಕಿವಿಗೆ ಸಿಕ್ಕಿದ್ದು 'ಗನ್' ಅನ್ನುವುದೊಂದೇ. ಆಹಾ, ಕೊನೆಗೂ ಯಾರೋ ನನ್ನ ವಿಷಯ ಕೇಳಿದರಲ್ಲ ಎಂದು ಎದೆ ಉಬ್ಬಿಸಿ, "ಯೆಸ್ ಸರ್. ಒನ್ ಗನ್. ಸಿಂಗಲ್ ಬ್ಯಾರಲ್," ಅಂದೆ.

ಕೌಂಟರಿನ ಹಿಂದೆ ಕುರ್ಚಿ ಕಿರ್ರೆಂದಿತು. ಎಲ್ಲಿದೆ ಅಂತ ಕೇಳಿದ.

"ಹನೂರ್ ಪೊಲೀಸ್ ಸ್ಟೇಷನ್," ಅಂದೆ. ಜೇಬಿಗೆ ಕೈ ಹಾಕಿ ರಸೀದಿ ತೆಗೆಯಹೋದೆ. ಜೇಬಿಗೆ ಕೈ ಹಾಕಬಾರದಂತೆ, ಅದು ನನಗೆ ಆಮೇಲೆ ಗೊತ್ತಾಯಿತು. ಇಬ್ಬರು ಓಡಿ ಬಂದರು. ಕನ್ನಡದಲ್ಲಿ ಬರೆದ ಆ ರಸೀದಿಯನ್ನು ಅವರು ಉಲ್ಟಾ, ಸೀದಾ, ಅಡ್ಡ ಎಲ್ಲ ಹಿಡಿದು ನೋಡಿದರು. ಆಮೇಲೆ ಪೆಟ್ಟಿಗೆ ಬಿಚ್ಚಲು ಹೇಳಿದರು.

ಪೆಟ್ಟಿಗೆಯಲ್ಲಿ ಸ್ಟೀಲ್ ಡಬ್ಬ, ಡಬ್ಬದಲ್ಲಿ ಕಪ್ಪು ಪುಡಿ. ಶುಂಠಿ, ಮೆಣಸು, ಹಿಪ್ಪಲಿ ಹುರಿದು ಕುಟ್ಟಿ ಗೌರಮ್ಮ ವಾರಗಟ್ಟಲೆ ಮಾಡಿದ ಬಾಣಂತಿ ಮದ್ದು. ಇದೇನು ಎಂದು ಕೇಳಿದರು. ಗೌರಮ್ಮ ಧೈರ್ಯವಂತೆ. ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದೇ ಇಂಗ್ಲಿಷಿನಲ್ಲಿ ಹೇಳುತ್ತದೆ ಎಂದು ಶೋಭಾ ಕಲಿಸಿಕೊಟ್ಟಿದ್ದಳು. ಫೋನನ್ನು ಬಾಯಿಯ ಹತ್ತಿರ ಹಿಡಿದು, "ಇದು ಬಾಣಂತಿ ಮದ್ದು ಕಣಪ್ಪ, ಬಾಣಂತಿಗೆ ಮದ್ದು," ಎಂದು ಎರಡು ಸಲ ಬಿಡಿಸಿ ಬಿಡಿಸಿ ಹೇಳಿದಳು.

ನಮ್ಮಲ್ಲಿ ಬಾಣಂತಿಗೆ ಕೊಡುವುದೂ ಮದ್ದೇ, ಕೋವಿಗೆ ತುಂಬುವುದೂ ಮದ್ದೇ. ಫೋನಿಗೆ ಬಾಣಂತಿ ಗೊತ್ತಿರಲಿಲ್ಲ, ಬಾಣ ಗೊತ್ತಿತ್ತು. ಅದು ಗಂಭೀರವಾದ ಹೆಣ್ಣುದನಿಯಲ್ಲಿ ಬಾಣವನ್ನು 'ಆರೋ' ಎಂದೂ, ಮದ್ದನ್ನು 'ಗನ್ ಪೌಡರ್' ಎಂದೂ ಇಡೀ ಹಾಲಿಗೆ ಕೇಳುವಂತೆ ಹೇಳಿತು.

ನಾಯಿ ಬಂತು. ನಮ್ಮ ಹೊಲಕ್ಕೆ ಬರುವ ಹಂದಿಗಿಂತ ಸ್ವಲ್ಪವೇ ಚಿಕ್ಕದು. ಡಬ್ಬಕ್ಕೆ ಮೂತಿ ಹಾಕಿ ಜೋರಾಗಿ ಮೂಸಿತು. ಮೂಸಿ ಸೀನಿತು. ಮತ್ತೆ ಸೀನಿತು. ಏಳೆಂಟು ಸಲ ಸೀನಿ, ಅಧಿಕಾರಿಯ ಪ್ಯಾಂಟಿಗೆ ಮೂಗು ಒರೆಸಿಕೊಂಡಿತು. ಅಧಿಕಾರಿಯೂ ಮೂಸಿದ, ಅವನೂ ಸೀನಿದ. ಅಷ್ಟರಲ್ಲಿ ಗೌರಮ್ಮ ಸೆರಗನ್ನು ಮಡಿಸಿ ಮಗುವಿನಂತೆ ತೋಳಲ್ಲಿ ತೂಗಿ, ಡಬ್ಬ ತೋರಿಸಿ, ನುಂಗುವಂತೆ ಮಾಡಿ ತೋರಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದ ಅಧಿಕಾರಿ ನಕ್ಕುಬಿಟ್ಟ. ನನ್ನ ರಸೀದಿಯನ್ನು ನನಗೇ ಕೊಟ್ಟು, ದಯವಿಟ್ಟು ಹೋಗಿ ಎನ್ನುವಂತೆ ಕೈ ತೋರಿದ.

"ಠಾಣೇಲಿ ಬುಟ್ಟು ಬಂದ್ರೂ ಆ ಕೋವಿ ನಿಮ್ಮ ಬುಡಲಿಲ್ಲ ನೋಡಿ," ಎಂದಳು ಗೌರಮ್ಮ.

ಅರಿಜೋನಾ, ಮೊದಲನೇ ಬೆಳಿಗ್ಗೆ

ಅಮೆರಿಕ ಅಂದರೆ ಹಸಿರು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಶಿವರಾತ್ರಿ ಕಳೆದ ಮೇಲಿನ ನಮ್ಮ ಕೌದಳ್ಳಿ. ಅದೇ ಕೆಂಚು ನೆಲ, ಅದೇ ಬಿಸಿಲು, ಅದೇ ಕಳ್ಳಿ. ಕಳ್ಳಿ ಮಾತ್ರ ಎರಡಾಳೆತ್ತರ. ಇಂಥ ನೆಲ ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಗೊಣಗಿದೆ. ಶೋಭಾಳ ಗಂಡ ಪ್ರಕಾಶ, ಮೈಸೂರಿನ ಹುಡುಗ, ಅಲ್ಲಿ ಒಂದು ಪೆಟ್ರೋಲ್ ಬಂಕಿನ ಅಂಗಡಿಗೆ ಮ್ಯಾನೇಜರು. ಅವನು ನಮ್ಮನ್ನು ಮನೆಗೆ ಕರೆದೊಯ್ಯುವ ಮುಂಚೆ ತಿಂಡಿಗೆಂದು ಒಂದು ಹೋಟೆಲಿಗೆ ಕರೆದುಕೊಂಡು ಹೋದ.

ದೋಸೆಯ ದಪ್ಪ ತಮ್ಮನಂಥ ಒಂದು ತಿಂಡಿಯನ್ನು ಪ್ರಕಾಶ ಮೊಟ್ಟೆ ಹಾಕದೆ ಮಾಡಿಸಿ ತರಿಸಿದ. ಸಿಹಿ ಸುರಿದುಕೊಂಡು ತಿನ್ನಬೇಕಂತೆ. ಮೊದಲ ತುತ್ತು ಬಾಯಿಗಿಡುವಾಗ ಎದುರಿನ ಮೇಜಿಗೆ ಒಬ್ಬ ಬಂದು ಕೂತ. ಮೊಣಕಾಲು ಕಾಣುವ ಚಡ್ಡಿ, ಕಾಲಿಗೆ ಹವಾಯಿ ಚಪ್ಪಲಿ, ಸೊಂಟದಲ್ಲಿ ಎಲ್ಲರಿಗೂ ಕಾಣುವಂತೆ ಪಿಸ್ತೂಲು.

ಇವನು ಮಫ್ತಿ ಪೊಲೀಸೇ ಸರಿ, ಕಸ್ಟಮ್ಸಿನವರು ನನ್ನ ಹಿಂದೆ ಬಿಟ್ಟಿದ್ದಾರೆ ಎಂದುಕೊಂಡೆ. ಅರ್ಧ ಎದ್ದು ನಿಂತು, "ಗುಡ್ ಮಾರ್ನಿಂಗ್ ಸರ್," ಅಂದೆ. ಅವನು, "ಮಾರ್ನಿಂಗ್," ಅಂದು ತಟ್ಟೆಗೆ ಪಾಕ ಸುರಿದುಕೊಂಡ.

"ಯಾಕೆ ಮಾವ ಎದ್ರಿ?" ಅಂದ ಪ್ರಕಾಶ. "ಅವನು ನಲ್ಲಿ ರಿಪೇರಿ ಮಾಡೋನು. ನಮ್ಮನೆ ಸಿಂಕೂ ಅವನೇ ಸರಿ ಮಾಡಿದ್ದು."

"ಮತ್ತೆ ಪಿಸ್ತೂಲು?"

"ಇಲ್ಲಿ ಹಂಗೆ. ಕಾಣೋ ಹಂಗೆ ಇಟ್ಕೊಂಡು ಓಡಾಡಬಹುದು, ಅದಕ್ಕೆ ಲೈಸನ್ಸೂ ಬೇಡ."

ಲೈಸನ್ಸೂ ಬೇಡ! ನಾನು ತಾಲ್ಲೂಕು ಕಚೇರಿಯ ಮೆಟ್ಟಿಲು ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದೇನೆ. ಇಲ್ಲಿ ನಲ್ಲಿ ರಿಪೇರಿಯವನು ಚಡ್ಡಿಯ ಮೇಲೆ ಸಿಗಿಸಿಕೊಂಡು ದೋಸೆ ತಿನ್ನುತ್ತಿದ್ದಾನೆ. ನನ್ನ ಗತ್ತಿನ ಬೆಲೆ ಅಲ್ಲೇ ಅರ್ಧ ಇಳಿದುಹೋಯಿತು. ಗೌರಮ್ಮನಿಗೆ ಯಾವ ಆಶ್ಚರ್ಯವೂ ಆಗಿರಲಿಲ್ಲ. "ನಮ್ಮ ಹೊನ್ನೂರಲ್ಲಿ ಕಾಯಿ ಕೀಳೋರು ಮಚ್ಚ ಸೊಂಟಕ್ಕೆ ಸಿಕ್ಕುಸ್ಕಂಡು ಟೀ ಕುಡೀತರಲ್ಲ, ಅಂಗೇ," ಅಂದಳು.

"ಮಚ್ಚಲ್ಲಿ ಕಾಯಿ ಕೆಡವ್ತರೆ. ಇವ್ನು ಅದ್ರಲ್ಲಿ ನಲ್ಲಿ ತಿರುಗಿಸ್ತನಾ?" ಅಂದೆ.

"ನೀವ್ ನಿಮ್ಮದ್ರಲ್ಲಿ ಏನ್ ತಿರುಗ್ಸಿದ್ರಿ?" ಅಂದಳು. ನಾನು ಸಿಹಿ ದೋಸೆಯ ಕಡೆ ಗಮನ ಕೊಟ್ಟೆ.

ಲಿಂಡಾ ಇರುವ ಅಂಗಡಿ

ಮಗು ಹುಟ್ಟಿತು, ಹೆಣ್ಣು. ಗೌರಮ್ಮ ಬಾಣಂತಿ ಕೋಣೆಯ ಬಾಗಿಲು ಹಾಕಿಕೊಂಡಳು. ಎಣ್ಣೆ, ನೀರು, ಸಾಂಬ್ರಾಣಿ ಹೊಗೆ. ಹೊಗೆಗೆ ಮನೆಯ ಗಂಟೆ ಬಡಿದುಕೊಂಡು ಅಗ್ನಿಶಾಮಕದವರು ಬಂದದ್ದು ಬೇರೆ ಕಥೆ. ಅವರ ಮುಂದೆ ನಾನು ಬಾಯಿ ಬಿಡಬಾರದೆಂದು ಗೌರಮ್ಮ ಮೊದಲೇ ಹೇಳಿದ್ದಳು. ಅಂಥ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ದಿನಾ ಪ್ರಕಾಶನ ಜೊತೆ ಬಂಕಿನ ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂರತೊಡಗಿದೆ.

ಆ ಅಂಗಡಿಯಲ್ಲಿ ಲಿಂಡಾ ಅನ್ನುವ ಹೆಂಗಸು ಕೌಂಟರ್ ನೋಡಿಕೊಳ್ಳುತ್ತಿದ್ದಳು. ಅರವತ್ತು ದಾಟಿದವಳು, ನನ್ನ ಭುಜಕ್ಕೆ ಬರುವಷ್ಟು ಎತ್ತರ, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಹೆಸರು ಬಾಯಿಗೆ ಬರದೆ 'ಗುರೂ' ಅನ್ನುತ್ತಿದ್ದಳು. ನಮ್ಮೂರಲ್ಲಿ ಪುಂಡ ಹುಡುಗರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರೆ ಎಂದು ನಾನು ಹೇಳಲು ಹೋಗಲಿಲ್ಲ.

ಎರಡನೇ ವಾರ ಒಬ್ಬ ಬಂದ. ನಮ್ಮ ಮನೆ ಬಾಗಿಲಲ್ಲಿ ಬಗ್ಗಿಯೂ ಹಿಡಿಸದಂಥ ಆಳು, ತಲೆಗೆ ಟೋಪಿ, ಸೊಂಟದಲ್ಲಿ ಪಿಸ್ತೂಲು. ಲಿಂಡಾ ಕೌಂಟರಿನಿಂದಲೇ ಕೂಗಲಿಲ್ಲ. ಆಚೆ ಬಂದು, ಅವನ ಪಕ್ಕಕ್ಕೆ ಹೋಗಿ, ಟೀ ಬೇಕಾ ಎಂದು ಕೇಳುವ ದನಿಯಲ್ಲಿ ಏನೋ ಹೇಳಿದಳು. ಪಿಸ್ತೂಲನ್ನು ಗಾಡಿಯಲ್ಲಿಟ್ಟು ಬರುತ್ತೀರಾ ಎಂದು ಕೇಳಿದ್ದು ಎಂದು ಪ್ರಕಾಶ ನನ್ನ ಕಿವಿಯಲ್ಲಿ ಹೇಳಿದ. ಈಗ ಆಗುತ್ತದೆ ನೋಡು ಗಲಾಟೆ ಎಂದು ನಾನು ಚಿಪ್ಸ್ ಪ್ಯಾಕೆಟ್ಟುಗಳ ಹಿಂದೆ ಸರಿದು ನಿಂತೆ. ಆ ಆಳು ಟೋಪಿ ಮುಟ್ಟಿ, "ಯೆಸ್ ಮ್ಯಾಮ್," ಅಂದ. ಗಾಡಿಗೆ ಹೋದ, ಇಟ್ಟು ಬಂದ, ಬ್ರೆಡ್ ತೆಗೆದುಕೊಂಡು, ಲಿಂಡಾಳ ಮೊಮ್ಮಕ್ಕಳ ಯೋಗಕ್ಷೇಮ ಕೇಳಿ ಹೊರಟುಹೋದ.

"ಅಷ್ಟೇನಾ?" ಅಂದೆ.

"ಅಷ್ಟೇ ಮಾವ. ರಸ್ತೇಲಿ ಅವನ ಹಕ್ಕು, ಹೊಸಿಲು ದಾಟಿದ ಮೇಲೆ ಅಂಗಡಿಯೋರ ಮಾತು. ಕೆಲವರು ಬಾಗಿಲಿಗೆ ಬೋರ್ಡ್ ಹಾಕ್ತಾರೆ, ನಾವು ಬಾಯಲ್ಲಿ ಹೇಳ್ತೀವಿ. ಹೇಳಿದ ಮೇಲೂ ಹೋಗದೆ ನಿಂತರೆ ಪೊಲೀಸರು ಬರ್ತಾರೆ."

ಎಲ್ಲರೂ ಟೋಪಿ ಮುಟ್ಟುವವರಲ್ಲ. ಮರುವಾರ ಒಬ್ಬ ನನ್ನ ಹಕ್ಕು, ನನ್ನ ಹಕ್ಕು ಎಂದು ಕೆಂಪಗಾಗಿ ಕೂಗಾಡಿ, ಎತ್ತಿಕೊಂಡಿದ್ದ ಸಾಮಾನನ್ನು ಅಲ್ಲೇ ಎಸೆದು ಹೋದ. ಲಿಂಡಾ ಬಗ್ಗಿ ಅದನ್ನೆಲ್ಲ ಎತ್ತಿಟ್ಟಳು. ಅವನು ಇಂಗ್ಲಿಷಿನಲ್ಲಿ ಕೂಗಿದ್ದನ್ನೆಲ್ಲ ನಾನು ಕೊಳ್ಳೇಗಾಲದಲ್ಲಿ ಕನ್ನಡದಲ್ಲಿ ಕೂಗಿದ್ದೆ.

ಆದರೂ ಬಿಡಲಿಲ್ಲ. ಯಾಕೆ ಬೇಡ ಅನ್ನುತ್ತೀರಿ, ಕಾರಣವೇನು ಎಂದು ಪ್ರಕಾಶನ ಮೂಲಕ ಲಿಂಡಾಳನ್ನು ಕೇಳಿಸಿದೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಕಾರಣ ಒಂದೊಂದು ಸಲ ಒಂದೊಂದು ಇರುತ್ತದೆ, ಎಲ್ಲವೂ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ, ಅದಕ್ಕೇ ಒಳ್ಳೆಯ ಗಿರಾಕಿ ಕೇಳುವುದಿಲ್ಲ ಅಂದಳು.

"ನಮ್ಮೂರಲ್ಲಿ ಬೇರೆ," ಎಂದು ನಾನು ಪ್ರಕಾಶನಿಗೆ ಹೇಳಿದೆ. ರತ್ನಮ್ಮನ ಕಥೆಯನ್ನೂ ಹೇಳಿದೆ, ನನಗೆ ಬೇಕಾದ ಹಾಗೆ. "ಓನರ್ ಹೇಳಿದ್ರೆ ಕೇಳ್ತಿದ್ದೆ. ಆಯಮ್ಮ ಬರೀ ಕೆಲಸದೋಳು."

"ಲಿಂಡಾನೂ ಕೆಲಸದೋಳೇ ಮಾವ," ಅಂದ ಪ್ರಕಾಶ. "ಮತ್ತೆ ನಿಮ್ ಓನರ್ ಆಮೇಲೆ ಹೇಳಿದ್ರಲ್ಲ. ಆಗ ಕೇಳಿದ್ರಾ?"

ಕೌಂಟರಿನ ಹಿಂದೆ ಹತ್ತು ನಿಮಿಷ

ಒಂದು ಮಧ್ಯಾಹ್ನ ಪ್ರಕಾಶ ಹಿಂದಿನ ಗೋಡೌನಿನಲ್ಲಿದ್ದ. ಆಚೆ ಯಾರೋ ಮುದುಕಿಯ ಕಾರಿನ ಚಕ್ರಕ್ಕೆ ಗಾಳಿ ತುಂಬಲು ಲಿಂಡಾ ಹೋದಳು. ಹೋಗುವಾಗ ನನ್ನನ್ನು ಕೌಂಟರಿನ ಹಿಂದಿನ ಸ್ಟೂಲಿಗೆ ಕೂರಿಸಿ, ಯಾರಾದರೂ ಬಂದರೆ ಒಂದು ನಿಮಿಷ ಅನ್ನು ಎಂದು ಬೆರಳು ತೋರಿಸಿ ಹೋದಳು. ನಾನು ಅಂಗಡಿಯ ಯಜಮಾನನಂತೆ ಕಾಲ ಮೇಲೆ ಕಾಲು ಹಾಕಿ ಕೂತೆ.

ಬಾಗಿಲು ತೆರೆಯಿತು. ಬಿಳಿ ಗಡ್ಡದ, ಉದ್ದನೆಯ ಮನುಷ್ಯ. ಸೊಂಟದಲ್ಲಿ ಪಿಸ್ತೂಲು.

ಕಾಲು ತಾನಾಗಿಯೇ ಇಳಿಯಿತು. ಕಿಟಕಿಯಲ್ಲಿ ನೋಡಿದೆ, ಲಿಂಡಾ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪ್ರಕಾಶನನ್ನು ಕೂಗೋಣವೆಂದರೆ ಇವನು ಬೆಚ್ಚಿಬಿದ್ದರೆ ಎಂಬ ಭಯ. ಸುಮ್ಮನಿದ್ದುಬಿಡೋಣ, ನಾನು ಕಾಣಲೇ ಇಲ್ಲ ಅನ್ನೋಣ ಎಂದು ಒಂದು ಮನಸ್ಸು. ಇಷ್ಟು ದಿನ ಇಲ್ಲಿ ಕೂತು ನೋಡಿ, ಈಗ ಸುಮ್ಮನಿದ್ದರೆ ಲಿಂಡಾಳ ಮುಖ ಹೇಗೆ ನೋಡುವುದು ಎಂದು ಇನ್ನೊಂದು ಮನಸ್ಸು. ಕೌಂಟರಿನಿಂದ ಆಚೆ ಬಂದೆ. ಲಿಂಡಾ ಬರುತ್ತಿದ್ದಳಲ್ಲ, ಹಾಗೆ. ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ನನ್ನ ಕಣ್ಣು ಅವನ ಕೈ ಬಿಟ್ಟು ಅಲುಗಲಿಲ್ಲ, ಗೌರಮ್ಮ ಒಬ್ಬಳೇ ವಿಮಾನದಲ್ಲಿ ಊರಿಗೆ ಹೋಗುತ್ತಿರುವುದೂ ಕಂಡಿತು.

"ಸರ್, ಪ್ಲೀಸ್," ಅಂದೆ. "ಯುವರ್ ಗನ್... ಔಟ್‌ಸೈಡ್ ಸಿಟ್. ಯು ಇನ್‌ಸೈಡ್ ಕಮ್."

ಅವನು ಹುಬ್ಬು ಗಂಟಿಕ್ಕಿ, ನನ್ನ ಕಡೆಗೆ ಬಗ್ಗಿ, "ಸಾರಿ?" ಅಂದ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವನಿಗೆ ಕೋಪ ಬಂದಿರಲಿಲ್ಲ, ನನ್ನ ಇಂಗ್ಲಿಷು ಅರ್ಥವಾಗಿರಲಿಲ್ಲ ಅಷ್ಟೆ. ಜೀವಮಾನದಲ್ಲಿ ಒಮ್ಮೆ ಬಂದ ಧೈರ್ಯ ಖರ್ಚಾಗಿ ಹೋಗಿತ್ತು, ಈಗ ಅದನ್ನೇ ಎರಡನೇ ಸಲ ಹೇಳಬೇಕು. ಅವನ ಸೊಂಟ ತೋರಿಸಿದೆ, ಆಚೆ ನಿಂತ ಗಾಡಿ ತೋರಿಸಿದೆ, ಕೈ ಮುಗಿದೆ.

ಅವನು ನನ್ನ ಮುಗಿದ ಕೈಯನ್ನು ನೋಡಿದ. "ಓ. ಯೆಸ್ ಸರ್," ಅಂದ. ತಪ್ಪಾಯಿತು ಎನ್ನುವಂತೆ ಅಂಗೈ ತೋರಿಸಿ, ಹೋಗಿ ಗಾಡಿಯಲ್ಲಿಟ್ಟು ಬಂದ. ಅಷ್ಟರಲ್ಲಿ ಲಿಂಡಾ ಬಂದಳು. ಅವನು ನೀರಿನ ಬಾಟಲು ಕೊಂಡು, ಹೋಗುವಾಗ ನನ್ನ ಕಡೆ ತಿರುಗಿ ಥ್ಯಾಂಕ್ಸ್ ಬೇರೆ ಹೇಳಿದ. ಯಾಕೆ ಅಂತ ಕೇಳಲಿಲ್ಲ. ಇವನ್ಯಾವನು, ಕೌಂಟರಿನಲ್ಲಿ ಇವನಿಗೇನು ಕೆಲಸ ಎಂದೂ ಕೇಳಲಿಲ್ಲ.

ಸ್ಟೂಲಿನ ಮೇಲೆ ಕೂತೆ. ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಹಿಂದೆ ಗೋಡೆಯ ಆಚೆ ಪ್ರಕಾಶನಿದ್ದ, ಕಿಟಕಿಯಾಚೆ ಲಿಂಡಾ ಇದ್ದಳು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಇಷ್ಟಕ್ಕೇ ಹೀಗಾಗಿದ್ದೆ. ರತ್ನಮ್ಮ ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದು, ತುಂಬಿದ ಹೋಟೆಲಿನ ಎದುರು, ಬಸ್ಸಿನವರು ಎದ್ದು ಸೀಟು ಬಿಡುವ ಗುರುಮಲ್ಲಪ್ಪನಿಗೆ ಇದೇ ಮಾತು ಹೇಳಿದ್ದಳು. ಎರಡು ಸಲ ಹೇಳಿದ್ದಳು. ಎರಡು ಸಲವೂ 'ಸಾ' ಅಂದಿದ್ದಳು. ನಾನು ಮೇಜು ಗುದ್ದಿದ್ದೆ. ನನಗೆ ಬಹಳ ನಾಚಿಕೆಯಾಯಿತು, ಹೇಗೆ ಹೇಳಲಿ, ಆ ಸ್ಟೂಲಿನಿಂದ ಏಳುವುದಕ್ಕೇ ನಾಚಿಕೆಯಾಯಿತು.

ಅವತ್ತು ಶಿವಣ್ಣನಿಗೆ ಫೋನ್ ಮಾಡಿದೆ. ಎರಡು ಸಲ ರಿಂಗಾಯಿತು. ಅವನು ಎತ್ತಿಬಿಟ್ಟರೆ ಏನು ಹೇಳುವುದು ಎಂದು ಹೆದರಿ ಕತ್ತರಿಸಿದೆ.

ಕೊಳ್ಳೇಗಾಲ

ಊರಿಗೆ ಬಂದ ನಾಲ್ಕನೇ ದಿನ ಕೊಳ್ಳೇಗಾಲದ ಬಸ್ಸು ಹತ್ತಿದೆ. ಯಾರೂ ಸೀಟು ಬಿಡಲಿಲ್ಲ, ಹನೂರಿನವರೆಗೂ ನಿಂತುಕೊಂಡೇ ಹೋದೆ. ಕೋವಿ ಬಿಡಿಸಿಕೊಳ್ಳಲು ಠಾಣೆಗೆ ಬರೆದ ಅರ್ಜಿ ಜೇಬಿನಲ್ಲಿತ್ತು. ಸಂಜೆ ವಾಪಸ್ ಬರುವಾಗ ಹನೂರಿನಲ್ಲಿ ಇಳಿದು ಕೊಡೋಣ ಎಂದುಕೊಂಡಿದ್ದೆ.

ಹೋಟೆಲಿಗೆ ಹೋದಾಗ ಮೂರು ಗಂಟೆ ದಾಟಿತ್ತು. ಊಟ ಮುಗಿದು ಬೆಂಚುಗಳೆಲ್ಲ ಖಾಲಿ. ರತ್ನಮ್ಮ ಮೇಜು ಒರೆಸುತ್ತಿದ್ದಳು, ಶಿವಣ್ಣ ಗಲ್ಲಾದಲ್ಲಿ ಪೇಪರು ಹಿಡಿದು ತೂಕಡಿಸುತ್ತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಮೂರು ವರ್ಷದಲ್ಲಿ ಅವನು ಇಷ್ಟು ಮುದುಕನಾದನೇ ಅನಿಸಿತು.

ನಾನು ಬಾಗಿಲಲ್ಲೇ ನಿಂತೆ. ರತ್ನಮ್ಮ ತಲೆ ಎತ್ತಿದಳು. ಮೊದಲು ನನ್ನ ಹೆಗಲು ನೋಡಿದಳು, ಆಮೇಲೆ ಮುಖ.

"ಒಳಗ್ ಬರ್ಲಾ ರತ್ನಮ್ಮ?" ಅಂದೆ. ಜೀವಮಾನದಲ್ಲಿ ಯಾವ ಹೋಟೆಲಿನ ಬಾಗಿಲಲ್ಲೂ ನಾನು ಕೇಳಿದ ಮಾತಲ್ಲ.

"ಅಯ್ಯೋ, ಬನ್ನಿ ಸಾ."

ಶಿವಣ್ಣ ಪೇಪರು ಕೆಳಗಿಟ್ಟ. ಬಸ್ಸಿನಲ್ಲಿ ನಿಂತು ಜೋಡಿಸಿಕೊಂಡು ಬಂದಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ.

"ಅವತ್ತು ತೆಪ್ಪಾಯ್ತು," ಅಂದೆ, ಅವಳಿಗೆ. "ಕಾರಣ ಕೇಳಕ್ ಬಂದಿಲ್ಲ ಕಣಮ್ಮ. ನಿಮ್ಮ ಓಟ್ಲು, ನಿಮ್ಮ ಮಾತು. ನೀನು ಹೇಳಿದ್ದ ಕೇಳ್ಬೇಕಿತ್ತು, ಕೇಳ್ಲಿಲ್ಲ."

ಅವಳು ಶಿವಣ್ಣನ ಕಡೆ ನೋಡಿದಳು. ಶಿವಣ್ಣ ಎದ್ದು ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತ. "ಹೇಳ್ಬುಡು ರತ್ನಮ್ಮ," ಅಂದ. "ಈಗ ಯಾರೂ ಇಲ್ಲ."

ರತ್ನಮ್ಮ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು.

"ಕೋವಿಗ್ ಎದ್ರಿದೋಳಲ್ಲ ಸಾ ನಾನು. ನಮ್ಮೂರಲ್ಲೂ ಕೋವಿಯ ಕಂಡೋಳೇ. ನಿಮ್ ಕೈಗ್ ಎದ್ರುದೆ."

"ನನ್ ಕೈಗಾ?"

"ನಡುಗ್ತದಲ್ಲ ಸಾ. ಅದ್ರ್ ಹಿಂದ್ಲು ಸಲ ಬಂದಾಗ ಸಾರಿನ ಬಟ್ಲ ಎತ್ತಕ್ಕೋಗಿ ಪಂಚೆ ಮ್ಯಾಲೆಲ್ಲ ಉಯ್ಕಂಡ್ರಿ. ಆ ಕೈಲಿ ಕೋವಿಯ ಇಳಿಸ್ಬೇಕು, ಮೇಜಿನ್ ಮ್ಯಾಲ್ ಇಡ್ಬೇಕು. ಸುತ್ತ ಮಕ್ಳುಮರಿ ಉಣ್ತಾ ಕುಂತಿದ್ದೊ. ನೀವ್ ನೋಡುದ್ರೆ ಎಲ್ರ ಮುಂದ್ಲೂ ಕಾರಣ ಹೇಳು ಅಂತ ಗುದ್ತಾ ಇದ್ರಿ. ಅಷ್ಟು ಜನದ್ ಮುಂದ ನಿಮ್ ಕೈ ನಡುಗ್ತದೆ ಅಂತ ಎಂಗ್ ಹೇಳ್ಳಿ ಸಾ?"

"ನಾನೇ ಹೇಳ್ಬ್ಯಾಡ ಅಂದಿದ್ದೆ," ಅಂದ ಶಿವಣ್ಣ. "ಫೋನಲ್ಲಿ ನಾನೇ ಹೇಳ್ಮಾ ಅಂತಿದ್ದೆ. ನೀನ್ ಎತ್ಲಿಲ್ಲ."

ನನ್ನ ಬಲಗೈ ಮೇಜಿನ ಮೇಲಿತ್ತು. ನೋಡಿದೆ. ಬೆರಳುಗಳು ನನ್ನನ್ನು ಕೇಳದೆ ತಮ್ಮಷ್ಟಕ್ಕೆ ತಾವು ಅದುರುತ್ತಿದ್ದವು. ಬಸ್ಸಿನ ಕುಲುಕಾಟ, ಬಿಸಿಲು, ಹಸಿವು ಎಂದು ಎಷ್ಟೋ ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಾ ಬಂದಿದ್ದೆ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೌರಮ್ಮನಿಗೆ ಗೊತ್ತಿಲ್ಲದೆ ಇರುತ್ತದೆಯೇ? ತೋಟಾ ಯಾವಾಗಲೂ ನಾನಿಟ್ಟ ಜಾಗದಲ್ಲಿ ಯಾಕೆ ಸಿಗುತ್ತಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಕೈಯನ್ನು ಮೇಜಿನ ಕೆಳಕ್ಕೆ ಎಳೆದುಕೊಳ್ಳಲು ಹೋದೆ. ಎಳೆದುಕೊಂಡು ಏನು ಮಾಡುವುದು ಎಂದು ಅಲ್ಲೇ ಬಿಟ್ಟೆ. ಜೇಬಿನಲ್ಲಿದ್ದ ಅರ್ಜಿ ಅವತ್ತು ಠಾಣೆಗೆ ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ.

ರತ್ನಮ್ಮ ಒಳಗೆ ಹೋಗಿ ಕಾಫಿ ತಂದಳು. ಶಿವಣ್ಣನ ಲೋಟ ತುಂಬಿ ನೊರೆ ಅಂಚಿಗೆ ಬಂದಿತ್ತು. ನನ್ನದು ಅದೇ ಅಳತೆಯ ಲೋಟ, ಕಾಫಿ ಮಾತ್ರ ಅರ್ಧಕ್ಕಿಂತ ಒಂದಿಷ್ಟು ಮೇಲೆ. ಈ ಹೋಟೆಲಿನಲ್ಲಿ ನನಗೆ ಬಹಳ ಕಾಲದಿಂದ ಕಾಫಿ ಬರುತ್ತಿದ್ದದ್ದೇ ಹೀಗೆ. ಶಿವಣ್ಣ ಜಿಪುಣನಾಗಿಬಿಟ್ಟ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

"ಯಾವಾಗಿಂದ್ಲಾ ಇದು?" ಅಂದೆ, ಲೋಟ ನೋಡುತ್ತಾ.

"ಆರೇಳು ವರ್ಸ ಆಯ್ತು," ಅಂದ ಶಿವಣ್ಣ. "ಸಾಲ್ದಿದ್ರೆ ಇನ್ನೊಂದ್ ಅರ್ಧ ತರ್ಸುಮಾ. ಮೊದ್ಲು ಅದ ಕುಡಿ, ಆರೋಯ್ತದೆ."